ಇವತ್ತು ಸುಟ್ಟು ನಾಳೆ ಉಳಿಸಹೊರಟ ಯಮನೂರಿ

ಜೋಡಗುಡ್ಡ ಅಂತ ಒಂದು ಊರು. ಹೆಸರಿಗೆ ಜೋಡಿ, ಇರೋದು ಒಂದೇ ಗುಡ್ಡ. ಇನ್ನೊಂದು ಎಲ್ಲಿ ಹೋಯಿತು ಅಂತ ಕೇಳಬೇಡಿ. ಕೇಳಿದರೆ ಅದನ್ನು ಹುಡುಕಿಕೊಂಡು ನಾನೂ ಹೊರಟುಬಿಡುತ್ತೇನೆ, ಕತೆ ಇಲ್ಲೇ ಕೂತಿರುತ್ತದೆ. ಸುಮ್ಮನೆ ಹ್ಞೂಂ ಅನ್ನುತ್ತಾ ಬನ್ನಿ.

ಆ ಊರಲ್ಲಿ ದುಂಡವ್ವ ಅಂತ ಒಬ್ಬಳು. ಮಂದಿ ಮನೆಗೆ ರೊಟ್ಟಿ ಬಡಿದುಕೊಟ್ಟು ಹೊಟ್ಟೆ ಹೊರೆಯೋಳು. ಅವಳಿಗೊಬ್ಬ ಮಗ, ಯಮನೂರಿ. ಮೈಯಲ್ಲಿ ಎತ್ತು, ಮನಸ್ಸಲ್ಲಿ ಬೆಣ್ಣೆ, ತಲೆಯಲ್ಲಿ ಮಾತ್ರ ಖಾಲಿ ಗಡಿಗೆ. ಹೇಳಿದ ಮಾತು ಮೀರೋನಲ್ಲ, ಅದೇ ತಾಪತ್ರಯ. 'ಹಾಲು ನೋಡ್ಕೋ' ಅಂದರೆ ಅದು ಉಕ್ಕಿ, ಚೆಲ್ಲಿ, ಒಲೆ ಆರೋ ತನಕ ನೋಡಿದ. 'ಮಳಿ ಬಂದ್ರ ಹಪ್ಪಳ ಒಳಗ ತಾ' ಅಂದರೆ ಮಳೆ ಬರಲಿ ಅಂತ ಕಾದ. ಬಂತು, ಚೆನ್ನಾಗಿ ಬಂತು, ಆಮೇಲೆ ತಂದ.

ದುಂಡವ್ವ ಹಣೆ ಹಣೆ ಬಡಿದುಕೊಳ್ಳೋಳು. "ನಾ ಕಣ್ಣು ಮುಚ್ಚಿದ ಮ್ಯಾಲ ಇವಗ ಒಂದು ರೊಟ್ಟಿ ಹಾಕೋರು ಯಾರವ್ವಾ!" ಬೆಳಿಗ್ಗೆ ಇದೇ ಮಾತು, ಸಂಜೆ ಇದೇ ಮಾತು. ಒಲೆ ಮುಂದೆ ಇದೇ ಮಾತು, ಬಾವಿಕಟ್ಟೆಯಲ್ಲೂ ಇದೇ ಮಾತು.

ಆ ಊರಿಗೆ ಕರೆಂಟು ಹಂಚೋದಕ್ಕೆ ಊರವರದೇ ಒಂದು ಸಂಘ. ದೊಡ್ಡ ಲೈನಿನಿಂದ ಸಗಟಾಗಿ ಕೊಳ್ಳೋದು, ಮನೆಮನೆಗೆ ಚಿಲ್ಲರೆಯಾಗಿ ಮಾರೋದು. ಎಣ್ಣೆ ಅಂಗಡಿ ಇದ್ದ ಹಾಗೆ ಅಂತ ಇಟ್ಟುಕೊಳ್ಳಿ. ಪ್ರತಿ ಬೇಸಿಗೆ ಊರಿನ ಟ್ರಾನ್ಸ್‌ಫಾರ್ಮರು ಭಾರ ತಾಳದೆ ಸುಡೋದು. ಸಂಘದ ಕಾರ್ಯದರ್ಶಿ ಗುರುಪಾದಪ್ಪನವರು ಹೇಳಿದರು: "ಒಂದೋ ಊರು ಕರೆಂಟು ಉಳಿಸಬೇಕು, ಇಲ್ಲಾ ಇನ್ನೊಂದು ಟ್ರಾನ್ಸ್‌ಫಾರ್ಮರು ಕೊಳ್ಳಬೇಕು. ಕೊಂಡ್ರ ಅದರ ಖರ್ಚೂ ನಿಮ್ಮ ಬಿಲ್ಲಿನ ಮ್ಯಾಲ!" ಊರು ಉಳಿಸೋಣ ಅಂತು. ಮನೆಮನೆಗೆ ಹೋಗಿ ಉಳಿಸೋದನ್ನ ಹೇಳಿಕೊಡೋದಕ್ಕೆ ಒಬ್ಬ ಆಳು ಬೇಕಾದ. ದುಂಡವ್ವ ಓಡಿದಳು.

"ಸಾಹೇಬ್ರ, ನನ್ನ ಮಗನ್ನ ಇಟ್ಕೊಳ್ರಿ."

"ದುಂಡವ್ವಾ, ಆಂವಾ..."

"ಪೆದ್ದ ಅದಾನ್ರಿ. ಹಡದಾಕಿ ನಾ, ನನಗ ಗೊತ್ತಿಲ್ಲೇನ್ರಿ? ಆದ್ರ ಹೇಳಿದ್ದು ಹೇಳಿದಂಗ ಮಾಡ್ತಾನ್ರಿ."

"ಅದ ಅಂಜಿಕಿ ನನಗ!" ಅಂದರು ಗುರುಪಾದಪ್ಪ. ಆದರೂ ಆ ಮುಖ ನೋಡಿ ಅವರ ಮನಸ್ಸು ಕರಗಿತು. "ಆತು. ಸಂಘದ ದೊಡ್ಡ ಸಭಾ ತನಕ ನೋಡೋಣು. ಸಭಾದಾಗ ಮಂದಿ ಹ್ಞೂಂ ಅಂದ್ರ ಕೆಲಸ ಕಾಯಂ, ಜೀವ ಇರೋ ತನಕ ಅನ್ನ. ಊಂಹೂಂ ಅಂದ್ರ ಮನಿ."

ದುಂಡವ್ವ ಸಂಘದ ಹೊಸ್ತಿಲಿಗೆ ನಮಸ್ಕಾರ ಮಾಡಿ ಬಂದಳು.

ಮೊದಲ ದಿನ ಗುರುಪಾದಪ್ಪ ಹೇಳಿದರು: "ಹಗಲಿನಾಗ ದೀಪ ಉರಿಯೋದು ಕಂಡಲ್ಲಿ ಆರಿಸು. ಅದೆಲ್ಲಾ ನಷ್ಟ."

"ಆತ್ರಿ."

ಹೊರಟ. ಮೊದಲು ಸಿಕ್ಕಿದ್ದು ರಾಚನಗೌಡರ ದೊಡ್ಡ ಮನೆ. ಒಳಗೆ ತೊಟ್ಟಿಲ ಕಾರ್ಯ. ಕೂಸಿಗೆ ಹೆಂಗಸರು ಆರತಿ ಹಿಡಿದಿದ್ದಾರೆ, ತಟ್ಟೆ ತುಂಬಾ ತುಪ್ಪದ ಬತ್ತಿ, ಹಾಡು ನಡೆದಿದೆ. ಹೊರಗೆ ಬಿಸಿಲು ಧಗಧಗ. ಯಮನೂರಿ ಗುಂಪು ಸೀಳಿ ನುಗ್ಗಿದ.

"ನಷ್ಟ! ನಷ್ಟ!" ಅಂದವನೇ ಊದಿದ. ಉಫ್! ಉಫ್!

ದೀಪ ಆರಿತು ಅಂತ ಬಾಯಲ್ಲಿ ಅನ್ನೋದಕ್ಕೂ ಅಂಜಿ, ಶಾಂತ ಆಯಿತು ಅನ್ನೋ ಮಂದಿ ಅವರು. ಬಾಯಿಂದ ಊದಿದರೆ ಬಿಟ್ಟಾರೆಯೇ? ಹಾಡು ನಿಂತು ಬೈಗುಳ ಶುರುವಾಯಿತು. ಕೂಸೊಂದು ಮಾತ್ರ ಕಿಲಕಿಲ ನಕ್ಕಿತು. ಗೌಡರು ಕೆರ ಹಿಡಿದು ಊರ ಅಗಸೆಬಾಗಿಲ ತನಕ ಅಟ್ಟಿಸಿಕೊಂಡು ಬಂದರು.

"ಏ ಮೂಳಾ!" ಅಂದಳು ದುಂಡವ್ವ. "ಮನಿಯವರನ್ನ ಒಂದು ಮಾತು ಕೇಳಬಾರದೇನೋ? 'ಇದು ಬೇಕೇನ್ರಿ, ಬ್ಯಾಡೇನ್ರಿ' ಅನ್ನು. ಬೇಕು ಅಂದ್ರ ಕೈ ಮುಗದು ಬಾ. ಬ್ಯಾಡ ಅಂದ್ರ ತಗೊಂಡು ಬಾ."

"ಆತು ಬೇ. ಇನ್ನ ಮ್ಯಾಲ ಹಂಗ ಮಾಡ್ತೀನಿ."

ಮರುದಿನ ಹೊಸ ಕೆಲಸ. ಕರೆಂಟು ಹೆಚ್ಚು ತಿನ್ನೋ ಹಳೇ ಗುಂಡು ಬಲ್ಬುಗಳನ್ನ ಮನೆಮನೆಯಿಂದ ತರೋದು, ಕಡಿಮೆ ತಿನ್ನೋ ಹೊಸ ಬಲ್ಬು ಕೊಟ್ಟು ಬರೋದು. ಗುರುಪಾದಪ್ಪ ಚೀಲ ಕೊಟ್ಟು ಅಂದರು: "ಹಳೇದು ತಗೊಂಡು ಬಾ, ಹೊಸಾದು ಕೊಟ್ಟು ಬಾ."

ಕಾಳವ್ವಜ್ಜಿಯ ಮನೆಗೆ ಹೋದ. ಆಗಷ್ಟೇ ಸಾರಿಸಿದ ನೆಲದ ಮೇಲೆ ಅವಳ ಗಂಡ ಬಾಳಪ್ಪಜ್ಜ ನಶ್ಯ ಚೆಲ್ಲಿ ಕೂತಿದ್ದ. ಮುದುಕಿಯ ಮೂಗಿನ ತುದಿಯಲ್ಲಿ ಸಿಟ್ಟು.

"ಅಜ್ಜೀ, ಹಳೇದು ಕೊಟ್ರ ಹೊಸಾದು ಕೊಡ್ತೀನಿ."

"ಈ ಮನಿಯಾಗ ಇದಕ್ಕಿಂತಾ ಹಳೇದು ಇನ್ನೇನೈತೋ ತಮ್ಮಾ!" ಗಂಡನ ಕಡೆ ಕೈ ತೋರಿಸಿದಳು.

"ಇದು ಬೇಕೇನ್ರಿ, ಬ್ಯಾಡೇನ್ರಿ?"

"ಬ್ಯಾಡೋ ನಮ್ಮಪ್ಪಾ! ಮೊದಲ ಒಯ್ಯಿ!"

ಮುದುಕಿಯ ಕೈಗೆ ಒಂದು ಹೊಸ ಬಲ್ಬು ಇಟ್ಟ. ಮುದುಕನ್ನ ಎತ್ತಿ ಹೆಗಲಿಗೆ ಹಾಕಿಕೊಂಡ.

"ಎಲ್ಲಿಗೋ?" ಅಂದ ಬಾಳಪ್ಪಜ್ಜ ಮೇಲಿಂದ.

"ಸಂಘಕ್ಕ ಅಜ್ಜಾ."

"ಅಲ್ಲಿ ಚಾ ಕೊಡ್ತಾರೇನು?"

"ಕೊಡ್ತಾರ."

"ಹಂಗಾರ ಸಾವಕಾಶ ನಡಿ. ಧೋತರ ಜಾರತೈತಿ."

ಗುರುಪಾದಪ್ಪ ತಲೆ ಎತ್ತಿ ನೋಡಿದರೆ ತಮ್ಮ ಎದುರು ಕುರ್ಚಿಯಲ್ಲಿ ಅಜ್ಜ. "ಹಳೇದು ಬಂತ್ರಿ" ಅಂದ ಯಮನೂರಿ. ಅವರು ಬಾಯಿ ತೆಗೆಯೋದರೊಳಗೆ ಕಾಳವ್ವ ಬರಿಗಾಲಲ್ಲಿ ಓಡಿ ಬಂದಳು, ಕೈಯಲ್ಲಿ ಬಲ್ಬು, ಕಣ್ಣಲ್ಲಿ ನೀರು.

"ತಗೋರಿ ನಿಮ್ಮ ಹೊಸಾದು! ನನ್ನ ಹಳೇದು ನನಗ ಕೊಡ್ರಿ!"

"ಚಾ ಮುಗೀಲಿ ತಡಿ" ಅಂದ ಅಜ್ಜ.

ಗುರುಪಾದಪ್ಪ ಬೈದರು: "ಲೇ ಖೋಡಿ! ಕರೆಂಟು ತಿನ್ನೋದು ತಾ ಅಂದ್ರ ಅನ್ನ ತಿನ್ನೋದು ತಂದೀಯಲ್ಲೋ! ಕೈ ಇಟ್ಟು ನೋಡು. ಬಿಸಿ ಇದ್ರ ಅದು ಕರೆಂಟು ತಿಂತೈತಿ, ಹೊತ್ಕೊಂಡು ಬಾ. ತಣ್ಣಗಿದ್ರ ಬಿಟ್ಟು ಬಾ."

"ಆತ್ರಿ. ಇನ್ನ ಮ್ಯಾಲ ಹಂಗ ಮಾಡ್ತೀನಿ."

ಮರುದಿನ ಊರೆಲ್ಲಾ ಮುಟ್ಟುತ್ತಾ ಬಂದ. ಕಟ್ಟೆ ಕಲ್ಲು ಮುಟ್ಟಿದ, ಬಿಸಿ! ಹೊರಲಿಕ್ಕೆ ನೋಡಿದ, ಏಳಲಿಲ್ಲ. ಕತ್ತೆ ಮುಟ್ಟಿದ, ಬಿಸಿ! ಕತ್ತೆ ಒದೆಯಿತು. ಯಾರದೋ ಅಡುಗೆಮನೆ ಹೊಕ್ಕ, ಹಂಚಿನಿಂದ ಇಳಿದ ರೊಟ್ಟಿ ಮುಟ್ಟಿದ, ಬಿಸಿಯೋ ಬಿಸಿ! ಬುಟ್ಟಿ ಸಮೇತ ಹೊತ್ತು ತಂದ. ಸಂಘದ ಮುಂದೆ ಗುರುಪಾದಪ್ಪ ಬಿಸಿಲಲ್ಲಿ ನಿಂತು ತಂತಿ ನೋಡುತ್ತಿದ್ದರು. ಟೊಪ್ಪಿಗೆ ಇಲ್ಲ, ಕೂದಲಂತೂ ಎಂದೋ ಇಲ್ಲ. ಯಮನೂರಿ ಬುಟ್ಟಿ ಇಳಿಸಿ ಅವರ ಬೋಳುತಲೆಯ ಮೇಲೆ ಅಂಗೈ ಇಟ್ಟ.

"ಸಾಹೇಬ್ರ! ಊರಿನ ಕರೆಂಟೆಲ್ಲಾ ಇಲ್ಲೇ ಹೊಂಟೈತ್ರಿ!"

ಅಂದವನೇ ಅವರನ್ನೂ ಹೊತ್ತುಕೊಳ್ಳಲಿಕ್ಕೆ ಬಗ್ಗಿದ.

"ಕೈ ತಗೀ! ಇನ್ನ ಮ್ಯಾಲ ಕೈ ಕಟ್ಟಿಕೊಂಡು ತಿರುಗು! ಏನೂ ಮುಟ್ಟಬ್ಯಾಡ. ಬಾಗಲದಾಗ ನಿಂತು 'ಇವತ್ತೇನು ಉಳಿಸಿದ್ರಿ' ಅಂತ ಕೇಳು. ಅವರು ಹೇಳೋ ತನಕ ನಿಲ್ಲು, ಹೇಳಿದ ಮ್ಯಾಲ ನಡಿ."

"ಆತ್ರಿ."

ಮನೆಗೆ ಹೋಗಿ, "ಕೈ ಕಟ್ಟು ಬೇ" ಅಂದ. ದುಂಡವ್ವ ಅಳಲೋ ನಗಲೋ ತಿಳಿಯದೆ ಹಳೇ ಸೀರೆಯ ಅಂಚಿನಿಂದ ಮಗನ ಎರಡು ಕೈ ಸಡಿಲಾಗಿ ಕಟ್ಟಿದಳು. ಕಟ್ಟಿದವಳೇ ಅವನ ಬಾಯಿಗೊಂದು ರೊಟ್ಟಿ ತುತ್ತು ಇಟ್ಟಳು. ಕಟ್ಟಿದ ಕೈಯವನು ಹೇಗೆ ತಿಂದಾನು?

ಆವತ್ತಿನಿಂದ ಜೋಡಗುಡ್ಡದಲ್ಲಿ ಹೊಸ ಕಾಟ. ಬಾಗಿಲಲ್ಲಿ ಆಳೆತ್ತರದ ಯಮನೂರಿ, ಕಟ್ಟಿದ ಕೈ. "ಇವತ್ತೇನು ಉಳಿಸಿದ್ರಿ?" ಉತ್ತರ ಸಿಗೋ ತನಕ ಕದಲೋನಲ್ಲ. ಬೈದರೂ ನಿಂತ, ನೀರು ಎರಚಿದರೂ ನಿಂತ. ಅವನು ಓಣಿಯ ತುದಿಯಲ್ಲಿ ಕಂಡರೆ ಸಾಕು, "ಬಂದಾ! ಬಂದಾ! ಫ್ಯಾನ್ ಆರಸ್ರೇ!" ಅಂತ ಹೆಂಗಸರು ಓಡೋರು. ಅಂಜಿ ಶುರುವಾದದ್ದು ಆಮೇಲೆ ರೂಢಿಯಾಯಿತು. ಕಾಯಿಲ್ ಹಾಕಿ ನೀರು ಕಾಸೋರು ಬಿಸಿಲಿಗೆ ಕೊಡ ಇಟ್ಟರು. ಇಸ್ತ್ರಿ ಪೆಟ್ಟಿಗೆ ಅಟ್ಟ ಹತ್ತಿತು. ಆ ಬೇಸಿಗೆ ಟ್ರಾನ್ಸ್‌ಫಾರ್ಮರು ಸುಡಲೇ ಇಲ್ಲ!

ಗೆದ್ದ ಅಂದಿರಾ? ತಡೀರಿ.

ಮುಂದಿನ ತಿಂಗಳು ಸಂಘ ಯುನಿಟ್ಟಿನ ದರ ಏರಿಸಿತು. ದುಂಡವ್ವ ಬಿಲ್ಲು ಹಿಡಿದು, ಮಗನ್ನ ಕರೆದುಕೊಂಡು ಗುರುಪಾದಪ್ಪನವರ ಮುಂದೆ ನಿಂತಳು.

"ಸಾಹೇಬ್ರ, ಊರು ಉಳಿಸಿದ್ರ ದರ ಇಳೀಬೇಕೋ ಏರಬೇಕೋ?"

ಗುರುಪಾದಪ್ಪ ಕನ್ನಡಕ ತೆಗೆದು ಒರೆಸಿದರು. "ಸಂತಿಗೆ ಹೋಗೋ ಟಂಟಂ ಗಾಡಿ ನೋಡೀಯಲ್ಲಾ ದುಂಡವ್ವಾ? ಹತ್ತು ಮಂದಿ ಕುಂತ್ರೂ ಡ್ರೈವರನ ಪಗಾರ ಅಷ್ಟ, ಆರು ಮಂದಿ ಕುಂತ್ರೂ ಅಷ್ಟ. ಮಂದಿ ಕಡಿಮಿ ಆದ್ರ ಡೀಸಲ್ ಒಂದೀಟು ಉಳೀತೈತಿ, ಆದ್ರ ತಲಿಗೆ ಬೀಳೋ ಬಾಡಿಗಿ ಏರತೈತಿ. ಹಂಗ ನಮ್ಮ ಕಂಬ, ತಂತಿ, ಲೈನಮನ್ ಪಗಾರ. ಊರು ಕರೆಂಟು ಕಡಿಮಿ ಸುಟ್ರೂ ಅವೇನು ಕಡಿಮಿ ಆಗಂಗಿಲ್ಲ. ಮಾರಾಟ ಆಗೋ ಯುನಿಟ್ಟು ಕಡಿಮಿ ಆತು, ಒಂದೊಂದರ ಮ್ಯಾಲೂ ಭಾರ ಒಂದೀಟು ಹೆಚ್ಚು ಬಿತ್ತು."

"ಹಂಗಾರ ಉಳಿಸಿದ್ದು ಸುಳ್ಳಾತೇನ್ರಿ?"

"ಇಲ್ಲವ್ವಾ. ಇನ್ನೊಂದು ಟ್ರಾನ್ಸ್‌ಫಾರ್ಮರು ಕೊಂಡಿದ್ರ ದರ ಇನ್ನೂ ಏರತಿತ್ತು. ಮತ್ತ ಉಳಿಸಿದವರ ಬಿಲ್ಲು ಇಳದೈತಿ. ದರ ಏರಿದ್ರೇನು, ಯುನಿಟ್ಟು ಭಾಳ ಇಳಿದಾವಲ್ಲಾ."

"ಮತ್ತ ನನಗ್ಯಾಕ ಏರಿತ್ರಿ?"

ಗುರುಪಾದಪ್ಪನವರ ದನಿ ಸಣ್ಣಗಾಯಿತು. "ಮೊದಲು ಹೆಚ್ಚು ಸುಟ್ಟವರು ಈಗ ಕಡಿಮಿ ಮಾಡಿದ್ರು, ಅವರಿಗೆ ಲಾಭ. ನೀ ಸುಡೋದು ಒಂದ ಸಣ್ಣ ಬಲ್ಬು. ಕಡಿಮಿ ಮಾಡಾಕ ನಿನ್ನ ಕಡೆ ಏನೈತಿ? ದರ ಏರಿದ್ದಷ್ಟ ನಿನಗ ಬಂತು. ಸಭಾದಾಗ ಮಾತಾಡ್ತೀನಿ ನಾ."

ಬರುವಾಗ ದುಂಡವ್ವ ದಾರಿಯುದ್ದಕ್ಕೂ ಬೈದಳು. "ಊರಿನವರೆಲ್ಲಾ ಉಳಿಸೋವಂಗ ಮಾಡಿದಿ. ನಿಮ್ಮವ್ವಂದು ಏರಿತು. ಮೊದಲ ನಮ್ಮನಿ ನೋಡಬೇಕೋ ಮಗನ, ಆಮ್ಯಾಲ ಊರು!"

"ಆತು ಬೇ" ಅಂದ ಯಮನೂರಿ. ದಾರಿಯಲ್ಲಿ ಸಿಕ್ಕ ಒಂದೊಂದು ಮನೆಯೊಳಗೂ ಬಗ್ಗಿ ಬಗ್ಗಿ ನೋಡುತ್ತಾ ನಡೆದ.

ಸಭೆಯ ದಿನ ಬಂತು. ಸಂಘದ ಅಂಗಳ ತುಂಬಾ ಮಂದಿ, ಮಂದಿಯ ಬಾಯಿ ತುಂಬಾ ಸಿಟ್ಟು.

"ಉಳಸ್ರಿ ಅಂದ್ರಿ, ಉಳಿಸಿದ್ವಿ! ದರ ಏರಿಸಿದ್ರಿ!"

"ಇದಕ್ಕ ಅಂತಾರ, ಉಪವಾಸ ಮಾಡಿದವಗ ಊಟದ ಬಿಲ್ಲು!"

ರಾಚನಗೌಡರು ಎದ್ದರು. "ಮೊದಲ ಆ ಪೆದ್ದನ್ನ ತಗೀರಿ! ಮನಿಮನಿಗೆ ಅವನ್ನ ಬಿಟ್ಟು ಊರನ್ನ ಅಂಜಿಸಿದ್ರಿ."

ಹಿಂದೆ ಕೂತಿದ್ದ ದುಂಡವ್ವ ಹೊರಳಿ ನೋಡಿದಳು. ಮಗ ಪಕ್ಕದಲ್ಲಿಲ್ಲ. ಎಲ್ಲಿ ಹಾಳಾಗಿ ಹೋಗಿದ್ದಾನೋ!

ಗುರುಪಾದಪ್ಪ ಕೈ ಎತ್ತಿದರು. "ಗೌಡ್ರ, ನಿಮ್ಮ ಬಿಲ್ಲು ಏರೈತೋ, ಇಳದೈತೋ? ಖರೇ ಹೇಳ್ರಿ."

ಗೌಡರು ಮೀಸೆ ತಿಕ್ಕಿಕೊಂಡರು. "ಇಳದೈತಿ ಅನ್ರಿ."

"ಏರಿದ್ದು ಒಂದ ಬಲ್ಬಿನ ಮನಿಯವರಿಗೆ. ಅವರಿಗೆ ಹಳೇ ದರಾನ ಇಡೋಣು. ಆ ಭಾರ ಹೆಚ್ಚು ಸುಡೋ ಮನಿಗಳು ಹೊರಲಿ."

"ಈ ಕಾಲದಾಗ ಒಂದ ಬಲ್ಬಿನ ಮನಿ ಎಲ್ಲಿ ಐತ್ರಿ?" ಗೌಡರು ನಕ್ಕರು. "ತೋರಸ್ರಿ ನೋಡೋಣು. ತೋರಿಸಿದ್ರ ನಾನ ಮೊದಲು ಹ್ಞೂಂ ಅಂತೀನಿ. ಆ ಪೆದ್ದನ ಮಾತೂ ಅಲ್ಲೇ ಮುಗಿಸೋಣು."

"ಬರ್ರಿ. ದುಂಡವ್ವನ ಮನಿ ಇಲ್ಲೇ ಐತಿ."

ಸಭೆಗೆ ಸಭೆಯೇ ಎದ್ದು ನಡೆಯಿತು. ಮುಂದೆ ಗುರುಪಾದಪ್ಪ, ಹಿಂದೆ ಗೌಡರು, ಅವರ ಹಿಂದೆ ಊರು. ಓಣಿ ತಿರುಗಿದರು. ಏನೋ ಗುಂಯ್ ಅನ್ನುತ್ತಿತ್ತು. ಹತ್ತಿರ ಬಂದರು. ಗಡಗಡ ಅನ್ನುತ್ತಿತ್ತು. ಬಾಗಿಲ ಮುಂದೆ ನಿಂತರು. ನಿಂತವರು ನಿಂತೇ ಬಿಟ್ಟರು!

ಒಂದೇ ಕೋಣೆಯ ಆ ಮನೆಯಲ್ಲಿ ಎರಡು ಫ್ಯಾನು ಎದುರುಬದುರು ತಿರುಗುತ್ತಿವೆ. ಮಿಕ್ಸರು ಖಾಲಿ ಗುಡುಗುತ್ತಿದೆ. ಗ್ರೈಂಡರಿನ ಕಲ್ಲು ಗಾಳಿ ರುಬ್ಬುತ್ತಿದೆ. ಇಸ್ತ್ರಿ ಪೆಟ್ಟಿಗೆ ಕಲ್ಲಿನ ಮೇಲೆ ಕಾಯುತ್ತಾ ಕೂತಿದೆ. ಹಗಲು ಹೊತ್ತಿನಲ್ಲಿ ಗೋಡೆ ತುಂಬಾ ಬಣ್ಣದ ಸೀರಿಯಲ್ ಲೈಟು ಮಿಣಮಿಣ. ನಡುವೆ ಯಮನೂರಿ, ಕೈ ಕಟ್ಟಿದ್ದ ಸೀರೆ ಅಂಚು ಬಿಚ್ಚಿ ಹೆಗಲ ಮೇಲೆ, ಒಂದು ಕೈಯಲ್ಲಿ ನೀರಿನ ಬಕೆಟ್ಟು, ಇನ್ನೊಂದರಲ್ಲಿ ಕಾಯಿಲ್.

"ಒಂದ ಬಲ್ಬಿನ ಮನಿ!" ಅಂದರು ಗೌಡರು. "ಗುರುಪಾದಪ್ಪನವ್ರ, ನಮ್ಮ ಮನಿಯಾಗೂ ಇಷ್ಟಿಲ್ಲ!"

ದುಂಡವ್ವ ತಲೆ ಮೇಲೆ ಕೈ ಹೊತ್ತು ಅಲ್ಲೇ ಕುಸಿದಳು. "ಮುಗೀತವ್ವಾ! ನನ್ನ ಮಗನ ಅನ್ನ ಮುಗೀತು!"

ಯಮನೂರಿ ಕಾಯಿಲನ್ನು ಬಕೆಟ್ಟಿಗೆ ಬಿಟ್ಟು ಸ್ವಿಚ್ಚು ಒತ್ತಿದ. ಢಬ್! ಫ್ಯೂಸು ಹೋಯಿತು. ಫ್ಯಾನು ನಿಂತಿತು, ಮಿಕ್ಸರು ನಿಂತಿತು, ಗಡಗಡ ನಿಂತಿತು.  ಆಗ ಒಬ್ಬ ಹೆಂಗಸು ಅಂದಳು: "ಅಯ್ಯ, ಅದು ನಮ್ಮ ಮಿಕ್ಸರು!"

"ಆ ಇಸ್ತ್ರಿ ಪೆಟ್ಟಿಗಿ ನಮ್ಮದು! ಮುಂಜಾನೆ ಕೇಳಿ ಒಯ್ದಾನ."

"ಗೌಡ್ರ, ಆ ಸೀರಿಯಲ್ ಲೈಟು ನಿಮ್ಮ ತೊಟ್ಟಿಲ ಕಾರ್ಯದ್ದಲ್ಲೇನ್ರಿ?"

ಗೌಡರು ಒಳಗೆ ಬಗ್ಗಿ ನೋಡಿದರು. ತಮ್ಮದೇ. "ಏನು ಮಾಡಾಕತ್ತೀಯೋ ಇಲ್ಲಿ?"

"ಸುಡಾಕತ್ತೀನ್ರಿ" ಅಂದ ಯಮನೂರಿ.

"ಯಾಕ?"

"ನಾಳೆ ಉಳಿಸಾಕ್ರಿ. ಮೊದಲು ಹೆಚ್ಚು ಸುಟ್ಟು ಆಮ್ಯಾಲ ಕಡಿಮಿ ಮಾಡಿದವರಿಗೆ ಲಾಭ ಅಂತ ಸಾಹೇಬ್ರು ಅಂದ್ರು. ನಮ್ಮವ್ವ ಎಂದೂ ಸುಟ್ಟಿಲ್ರಿ. ಉಳಿಸಬೇಕಂದ್ರ ಆಕಿ ಕಡೆ ಏನೂ ಇಲ್ಲ. ಅದಕ್ಕ ಇವತ್ತೊಂದಿನ ಆಕಿ ಪಾಲಿಂದೂ ಸುಡ್ತೀನ್ರಿ. ನಾಳೆಯಿಂದ ಆಕೀದೂ ಇಳೀತೈತಿ."

ಯಾರೂ ನಗಲಿಲ್ಲ. 

ಗೌಡರು ಹೊಸ್ತಿಲ ಮೇಲೆ ಕೂತರು. ಒಳಗೆಲ್ಲಾ ಕಣ್ಣಾಡಿಸಿ ಕೇಳಿದರು: "ದುಂಡವ್ವಾ, ಇದರಾಗ ನಿಂದು ಯಾವುದವ್ವಾ?"

ದುಂಡವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಮೇಲೆ ತೋರಿಸಿದಳು. ಎರಡು ಫ್ಯಾನಿನ ನಡುವೆ, ಗಿಡ್ಡ ವೈರಿನ ತುದಿಗೆ, ನಿಂಬೆಕಾಯಿಯಷ್ಟು ಒಂದು ಬಲ್ಬು.

"ಹಳೇ ದರಾನ ಇರಲಿ ಬಿಡ್ರಿ" ಅಂದರು ಗೌಡರು ನೆಲ ನೋಡುತ್ತಾ. "ಇಂಥ ಮನಿಗಳದೆಲ್ಲಾ ಹಳೇದ ಇರಲಿ. ನಾವು ಹೊರತೀವಿ." ಆಮೇಲೆ ದನಿ ಗಡುಸು ಮಾಡಿಕೊಂಡರು. "ಇವನೂ ಇರಲಿ. ಆದ್ರ ಆರತಿ ಇದ್ದ ಮನಿಗೆ ಮಾತ್ರ ಕಳಿಸಬ್ಯಾಡ್ರಿ!"

ಊರು ಹ್ಞೂಂ ಅಂದಿತು. ಜೋರಾಗಿಯೇ ಅಂದಿತು.

ದುಂಡವ್ವ ಎದ್ದು ಮಗನ ಬೆನ್ನಿಗೊಂದು ಗುದ್ದಿದಳು. ಗುದ್ದಿದ ಕೈ ಅಲ್ಲೇ ಇಟ್ಟು ಸವರಿದಳು. ಗುರುಪಾದಪ್ಪ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದರು: "ಯಮನೂರಿ, ಕೇಳಿಲ್ಲಿ. ಯಾರ ಸಾಮಾನು ಐತೋ ಅವರ ಮನಿಗೆ ಮುಟ್ಟಿಸು. ಮಂದೀದು ಮಂದಿ ಮನಿಯಾಗ, ಸಂಘದ್ದು ಸಂಘದಾಗ. ಬ್ಯಾರೇದವರದು ಒಂದೂ ನಿಮ್ಮವ್ವನ ಮನಿಯಾಗ ಉಳೀಬಾರದು. ಮತ್ತ ಇವತ್ತಿಂದ ನೀನೂ ಕಾಯಂ ನಮ್ಮ ಸಂಘದಾಂವ, ತಿಳೀತಿಲ್ಲೋ?"

"ತಿಳೀತ್ರಿ. ಹಂಗ ಮಾಡ್ತೀನಿ."

ಮಿಕ್ಸರು ಮುಟ್ಟಿಸಿದ. ಗ್ರೈಂಡರು ಮುಟ್ಟಿಸಿದ. ಫ್ಯಾನು, ಇಸ್ತ್ರಿ ಪೆಟ್ಟಿಗೆ, ಸೀರಿಯಲ್ ಲೈಟು, ಒಂದೂ ತಪ್ಪಲಿಲ್ಲ. ಸಂಜೆಯಾಯಿತು. ದುಂಡವ್ವ ಮಗನಿಗೆ ಅಂತ ಶೇಂಗಾ ಚಟ್ನಿ ಕುಟ್ಟಿ, ಎಣ್ಣೆಗಾಯಿ ಮಾಡಿ ಕಾದಳು. ಬರಲಿಲ್ಲ. ಇನ್ನೂ ಕಾದಳು. ಬರಲಿಲ್ಲ. ರೊಟ್ಟಿ ಗಂಟು ಕಟ್ಟಿಕೊಂಡು ಹುಡುಕುತ್ತಾ ಹೊರಟಳು.

ಸಂಘದ ಬಾಗಿಲು ತೆರೆದಿತ್ತು. ಒಳಗೆ ಸಾಮಾನಿಡೋ ಕಲ್ಲಿನ ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ಕಡೆ ತಂತಿ ಸುರುಳಿ, ಇನ್ನೊಂದು ಕಡೆ ಫ್ಯೂಸಿನ ಡಬ್ಬಿ, ನಡುವೆ ಮೊಣಕಾಲು ಮಡಚಿಕೊಂಡು ಯಮನೂರಿ.

"ಯಾಕೋ ಮನಿಗೆ ಬರಲಿಲ್ಲ?"

"ನಾ ಸಂಘದಾಂವ ಬೇ. ಬ್ಯಾರೇದವರದು ನಿನ್ನ ಮನಿಯಾಗ ಉಳೀಬಾರದು. ಎಲ್ಲಾ ಮುಟ್ಟಿಸಿದೆ. ಕಡೀಕ ನನ್ನ ಮುಟ್ಟಿಸಿದೆ."

 ದುಂಡವ್ವ ಅವನ ಮುಂದೆ ಕೂತು ರೊಟ್ಟಿ ಗಂಟು ಬಿಚ್ಚಿದಳು. "ಹಂಗಾರ ನಾ ಯಾರಾಕಿ ಮಗನ?"

ಯಮನೂರಿ ಯೋಚಿಸಿದ. "ನೀ ನನ್ನಾಕಿ ಬೇ."

ಅಂದವನೇ ತಂತಿ ಸುರುಳಿ ಪಕ್ಕಕ್ಕೆ ಸರಿಸಿ ಜಾಗ ಮಾಡಿದ.

ಬಾಗಿಲು ಹಾಕಿಕೊಂಡು ಹೋಗಲು ಕೀಲಿಕೈ ಹಿಡಿದು ಬಂದ ಗುರುಪಾದಪ್ಪ ಒಳಗೆ ನೋಡಿದರು. ಅರೆಯಲ್ಲಿ ಮಗ, ಅವನಿಗೆ ಒತ್ತಿಕೊಂಡು ತಾಯಿ, ಇಬ್ಬರ ತೊಡೆ ಮೇಲೆ ಒಂದೇ ರೊಟ್ಟಿ.

"ಇದೇನು ದುಂಡವ್ವಾ, ನೀನೂ?"

"ಏನು ಮಾಡ್ಲಿ ಸಾಹೇಬ್ರ. ಆಂವಾ ನಿಮ್ಮಾಂವ, ನಾ ಅವನಾಕಿ."

ಯಮನೂರಿ ಬಾಯಿ ತುಂಬಾ ರೊಟ್ಟಿ ಇಟ್ಟುಕೊಂಡೇ ಕೂಗಿದ:

"ಬಾಗಲಾ ಗಟ್ಟಿ ಹಾಕ್ಕೊಂಡು ಹೋಗ್ರಿ ಸಾಹೇಬ್ರ! ಸಾಮಾನು ಕಳುವು ಆದಾವು!"